ಹಿಂದಿನ ಸ್ಪೀಕರು

ಲ್ಯಾಮಿಂಗ್ಟನ್ ರೋಡಿನ ಮುರ್ತುಜಾ ಭಾಯಿ
ಐದು ಸ್ಪೀಕರು, ಒಂದು ವೂಫರು,
ಅಕ್ಕಿಮುಡಿಯಷ್ಟು ಭಾರದ ಆಂಪ್ಲಿಫೈಯರು ಕೊಟ್ಟು
"ಸೆಕೆಂಡ್ ಹ್ಯಾಂಡು, ಆದರೆ ಹೊಟ್ಟೆ ದೊಡ್ಡದು ಭಾಭಿ,
ಎಷ್ಟು ಬೇಕಾದರೂ ತಿನ್ನಿಸಿ" ಎಂದಿದ್ದ.

ಹೊಟ್ಟೆಯಲ್ಲ, ಬೆನ್ನು.
ಭಾಂಡುಪಿನ ಈ ಹತ್ತು-ಹನ್ನೆರಡರ ಕೋಣೆಯಲ್ಲಿ
ಕಪಾಟಿಗೂ ಗೋಡೆಗೂ ನಡುವೆ ಕೆನ್ನೆ ತೂರಿಸಿ
ಟಾರ್ಚು ಹಲ್ಲಲ್ಲಿ ಕಚ್ಚಿ ನೋಡುತ್ತೇನೆ:
ಬೆನ್ನ ತುಂಬ ತೂತು.
ಸೆಟ್‌ಟಾಪ್ ಬಾಕ್ಸಿಗೊಂದು. ನಿಹಾಲನ ಗೇಮಿಗೊಂದು.
ಟಿವಿಯಿಂದ ಬರುವ ಬೆಳಕಿನ ವಯರಿಗೆ
ಮುಚ್ಚಳವಿರುವ ಪುಟ್ಟ ಚೌಕ ಬಾಗಿಲು.
ಶರ್ಮಿಳಾಳ ಫೋನಿಗೆ ವಯರೇ ಬೇಡವಂತೆ,
ಗಾಳಿಯಲ್ಲೇ ನೆಂಟಸ್ತಿಕೆ ಕುದುರಿಸುತ್ತದೆ.

ಕೆಂಪು ಬಿಳಿ ಎರಡು ತೂತು ಉಳಿದವು.
"ಅದಕ್ಕೀಗ ಯಾರೂ ಏನೂ ಹಾಕಲ್ಲ, ಅಜ್ಜೀ."

ಮಂಚದಡಿಯಿಂದ ಕ್ಯಾಸೆಟ್ ಡೆಕ್ಕು ಎಳೆದೆ.
ಇವರು ಪೇಪರು ಕೆಳಗಿಡಲಿಲ್ಲ.
ಪುಟವನ್ನೂ ತಿರುಗಿಸಲಿಲ್ಲ.

ಡೆಕ್ಕಿನ ವಯರು ಗಿಡ್ಡ,
ಅಡುಗೆಕಟ್ಟೆಯ ಬೋರ್ಡಿಗೆ ಸಿಕ್ಕಿಸಿದೆ.
ಗುಂಯ್‌ಯ್‌ಯ್.
ಮಾತಲ್ಲ, ಹಾಡಲ್ಲ, ಗೂಡು ಕೆದಕಿದ ಕಣಜ.
ಫೋನಿನಲ್ಲಿ ಮುರ್ತುಜಾ ನಕ್ಕ:
"ಎರಡು ಕಡೆ ನೆಲಕ್ಕೆ ಕಾಲೂರಿದೆ ಭಾಭಿ,
ಎರಡು ಅರ್ಥಿಂಗು, ನಡುವೆ ಜಗಳ.
ಎಲ್ಲವನ್ನೂ ಒಂದೇ ಬೋರ್ಡಿನಲ್ಲಿ ಕೂರಿಸಿ."
ಅವನಿಗೆ ಹೇಳಲಿಲ್ಲ,
ಈ ಚಾಳಿನಲ್ಲಿ ಎರಡು ಕಡೆ ಕಾಲೂರಿದವರೇ ಎಲ್ಲ,
ನಲವತ್ತೊಂದು ವರ್ಷದಿಂದ
ಆ ಗುಂಯ್‌ನಲ್ಲೇ ನಮಗೆ ನಿದ್ದೆ ಎಂದು.
ಇಸ್ತ್ರಿಪೆಟ್ಟಿಗೆಯ ಎಕ್ಸ್‌ಟೆನ್ಷನ್ ಬೋರ್ಡು ತಂದೆ.
ನಿಂತಿತು.

ರಿಮೋಟಿನಲ್ಲಿ ಇನ್‌ಪುಟ್ ಒತ್ತಿದರೆ
ಒಂದರಲ್ಲಿ ಕ್ರಿಕೆಟ್ಟು, ಎರಡರಲ್ಲಿ ಬಂದೂಕು,
ಮೂರರಲ್ಲಿ ಯಾರದೋ ಮನೆಯ ಸೊಸೆಯ ಅಳು,
ಅವಸರಕ್ಕೆ ದಾಟಿಹೋಯಿತು, ಮತ್ತೆ ಕ್ರಿಕೆಟ್ಟು,
ಮತ್ತೊಂದು ಸುತ್ತು, ಆಮೇಲೆ
ಸರ್‌ರ್ ಎಂದು ಟೇಪು.

ಸಂಘದ ನಾಟಕ. ರೆಕಾರ್ಡರು ಇಡಲು ಜಾಗವಿಲ್ಲದೆ
ಸೈಡ್‌ವಿಂಗಿನ ಸ್ಟೂಲಿನ ಮೇಲೆ,
ಪ್ರಾಂಪ್ಟಿಂಗಿಗೆ ಕೂತ ಇವರ ಮೊಣಕಾಲಿಗೆ ತಾಗಿಸಿ ಇಟ್ಟಿದ್ದರು.

ರಾಜ ಅಮೀನಣ್ಣ,
ಫೋರ್ಟಿನ ಕ್ಯಾಂಟೀನಿನ ಗಲ್ಲಾದಿಂದ ನೇರ ಸಿಂಹಾಸನಕ್ಕೆ ಬಂದವನು,
ಎಲ್ಲೋ ಬಾವಿಯ ತಳದಲ್ಲಿ ಕೆಮ್ಮುತ್ತಾನೆ.
ಇತ್ತ, ಕಿವಿಯ ಹಾಲೆಗೆ ತಾಗುವಷ್ಟು ಹತ್ತಿರ, ಒಂದು ಪಿಸುಮಾತು:
"ಮಂತ್ರೀ, ಈ ಕಿರೀಟ ನನಗೆ ಸಡಿಲ."
ರಾಜ: "ಮಂತ್ರೀ, ಈ ಕಿರೀಟ ನನಗೆ ಸಡಿಲ!"
ಚಪ್ಪಾಳೆ.
"ತೆಗೆದಿಡಲೆ?"
ರಾಜ ಸುಮ್ಮನೆ.
"ತೆಗೆದಿಡಲೆ ಅಂತ ಹೇಳು ಮಾರಾಯಾ."
ರಾಜ: "ತೆಗೆದಿಡಲೆ ಅಂತ ಹೇಳು ಮಾರಾಯಾ!"

ನಿಹಾಲ ಹೊಟ್ಟೆ ಹಿಡಿದು ಹೊರಳಾಡಿದ,
ರಿಮೋಟು ಕಿತ್ತುಕೊಂಡು ಏನೋ ಒತ್ತಿದ.
ಐದೂ ಸ್ಪೀಕರಿನಿಂದ ಇವರು.
ಟಿವಿಯ ಕೆಳಗಿನಿಂದ ಇವರು, ದೇವರ ಪಟದ ಪಕ್ಕದಿಂದ ಇವರು,
ನನ್ನ ಬೆನ್ನ ಹಿಂದೆ ಉಪ್ಪಿನಕಾಯಿ ಭರಣಿಯ ಮೇಲಿಂದ ಇವರು,
ಹದಿನೇಳು ನಾಟಕದಲ್ಲಿ ಒಮ್ಮೆಯೂ
ಪರದೆಯ ಈಚೆಗೆ ಬಾರದವರು,
ಕೊನೆಯ ಫೋಟೋಕ್ಕೆ ಕರೆದರೆ
ಪುಸ್ತಕ ಕಟ್ಟಿಡಬೇಕು ಎಂದು ತಪ್ಪಿಸಿಕೊಂಡವರು.

ಪೇಪರು ಈಗ ತೊಡೆಯ ಮೇಲೆ.
"ಮುಂದಿನ ಮೂರೂ ಬಂದ್ ಮಾಡು ಮಗಾ" ಎಂದರು,
"ನಾನು ಹಿಂದಿರುವುದೇ ಸರಿ. ಸಣ್ಣಗಿಡು."

ಹುಡುಗ ಹುಡುಕಿ ಹುಡುಕಿ ಹಾಗೇ ಮಾಡಿದ.
ಕಣ್ಣು ಮುಚ್ಚಿ ಕೂತರು ಇವರು. ನೋಡಿದೆ:
ಟೇಪಿಗಿಂತ ಅರ್ಧ ಸಾಲು ಮುಂದೆ
ತುಟಿ ಅಲುಗುತ್ತಿತ್ತು.

ಅಷ್ಟರಲ್ಲಿ ಶರ್ಮಿಳಾ ಮೆಟ್ಟಿಲು ಹತ್ತಿದಳೋ ಏನೋ,
ಅವಳ ಫೋನು ಗಾಳಿಯಿಂದ ಒಳನುಗ್ಗಿ
ಟಿಣ್ ಎಂದು ಎಲ್ಲ ಸ್ಪೀಕರು ತನ್ನದೆಂದಿತು.
ರಾಜನ ಮಾತು ಅಲ್ಲಿಗೇ ತುಂಡು.
ಇವರು ಮಾತ್ರ ಉಳಿದರ್ಧವನ್ನು
ಆಗಲೇ ಹೇಳಿಕೊಟ್ಟಾಗಿತ್ತು.